ಸಿರಿವಂತ ಯುವಕನ ಪ್ರಶ್ನೆ



ಯೇಸುಸ್ವಾಮಿ ಕರೆದಾಗ ಬಲೆಯನ್ನು ಬಿಟ್ಟು ಹೊರಟ ಪೇತ್ರರನ್ನು, ಸುಂಕದ ಕಟ್ಟೆಯಿಂದ ಎದ್ದುಬಂದ ಮತ್ತಾಯರನ್ನು ನಾವೆಲ್ಲರೂ ಬಲ್ಲೆವು. ಅವರ ಹೆಸರನ್ನು ಮಕ್ಕಳಿಗೆ ಇಡುತ್ತೇವೆ, ಅವರ ಹಬ್ಬವನ್ನು ಆಚರಿಸುತ್ತೇವೆ. ಅದೇ ಕರೆಯನ್ನು ಅದೇ ಬಾಯಿಂದ ಕೇಳಿಯೂ ಹಿಂಬಾಲಿಸಲಾರದೆ ಹೋದವನೊಬ್ಬನಿದ್ದಾನೆ. ಅವನ ಹೆಸರು ಯಾರಿಗೂ ತಿಳಿಯದು. ಮತ್ತಾಯ 19, ಮಾರ್ಕ 10, ಲೂಕ 18, ಈ ಮೂರು ಅಧ್ಯಾಯಗಳಲ್ಲಿ ಅವನ ಕಥೆ ಇದೆ. ‘ಸಿರಿವಂತ ಯುವಕ’ ಎಂದು ಕರೆಯುವುದು ನಮ್ಮ ರೂಢಿ. ನಿಜ ಹೇಳಬೇಕೆಂದರೆ ಅವನು ಯುವಕನೆಂದು ಬರೆದವರು ಮತ್ತಾಯರೊಬ್ಬರೇ. ಲೂಕರು ಅವನನ್ನು ಅಧಿಕಾರಿ ಎನ್ನುತ್ತಾರೆ. ಅವನಿಗೆ ಬಹಳ ಆಸ್ತಿಯಿತ್ತು, ಅವನು ದುಃಖಪಟ್ಟ ಎಂಬೆರಡು ಮಾತುಗಳಲ್ಲಿ ಮಾತ್ರ ಮೂವರಿಗೂ ಒಮ್ಮತವಿದೆ.

ಯುವಜನರ ಕುರಿತು ಪ್ರಬೋಧನೆ ಮಾಡುವಾಗ ನಾವು ಗುರುಗಳು ಸಾಮಾನ್ಯವಾಗಿ ದುಂದುಗಾರ ಮಗನ ಸಾಮತಿಯನ್ನು ಎತ್ತಿಕೊಳ್ಳುತ್ತೇವೆ. ಅದು ಸುಲಭ. ಆದರೆ ನಮ್ಮ ಧರ್ಮಕೇಂದ್ರಗಳ ಬಹುಪಾಲು ಯುವಜನರು ಆ ಮಗನ ಜಾತಿಗೆ ಸೇರಿದವರಲ್ಲ. ಅವರು ಒಳ್ಳೆಯ ಮಕ್ಕಳು. ಧರ್ಮೋಪದೇಶ ಕಲಿತವರು, ಹಬ್ಬಕ್ಕೆ ತೋರಣ ಕಟ್ಟುವವರು, ತಂದೆಯ ಆಸ್ಪತ್ರೆ ಖರ್ಚಿಗೆ ತಮ್ಮ ಸಂಬಳದಿಂದ ಹಣ ಕಳುಹಿಸುವವರು. ಇಂಥವರಿಗೆ ಹಂದಿ ಮೇಯಿಸುವವನ ಕಥೆ ಹೇಳಿದರೆ, ಇದು ಪಕ್ಕದ ಬೆಂಚಿನವನಿಗೆ ಎಂದುಕೊಂಡು ಸುಮ್ಮನಾಗುತ್ತಾರೆ. ಸಿರಿವಂತ ಯುವಕನ ಕಥೆಯೋ ಒಳ್ಳೆಯವರಿಗಾಗಿಯೇ ಇರುವ ಕಥೆ. ಆದುದರಿಂದ ಅದನ್ನು ಸ್ವಲ್ಪ ನಿಧಾನವಾಗಿ ಓದೋಣ.

ಮಾರ್ಕರ ಪ್ರಕಾರ ಅವನು ಓಡಿಬಂದು ಮೊಣಕಾಲೂರಿದನು. ಸಿರಿವಂತರು ಬೀದಿಯಲ್ಲಿ ಓಡುವುದು ಅಪರೂಪ. ಕೇಳಿದ ಪ್ರಶ್ನೆಯೂ ಚಿಲ್ಲರೆಯದಲ್ಲ. ನಿತ್ಯಜೀವ ಪಡೆಯಲು ಏನು ಮಾಡಬೇಕೆಂದು ಕೇಳಿದನು. ಯೇಸುಸ್ವಾಮಿ ದೇವರ ಕಟ್ಟಳೆಗಳನ್ನು ಅವನಿಗೆ ನೆನಪಿಸಿದರು. ಕೊಲೆ, ವ್ಯಭಿಚಾರ, ಕಳ್ಳತನ, ಸುಳ್ಳುಸಾಕ್ಷಿ ಕೂಡದು, ತಂದೆತಾಯಿಗಳನ್ನು ಗೌರವಿಸಬೇಕು. ಇವೆಲ್ಲವನ್ನೂ ಎಳೆತನದಿಂದಲೇ ಪಾಲಿಸಿದ್ದೇನೆ ಎಂಬುದು ಅವನ ಉತ್ತರ. ಯೇಸುಸ್ವಾಮಿ ಅದನ್ನು ಅಲ್ಲಗಳೆಯಲಿಲ್ಲ ಎಂಬುದನ್ನು ಗಮನಿಸಿರಿ. ಅವನನ್ನು ದಿಟ್ಟಿಸಿ ನೋಡಿ ಪ್ರೀತಿಸಿದರು ಎಂದು ಮಾರ್ಕರು ಬರೆಯುತ್ತಾರೆ. ಆಸ್ತಿಯನ್ನು ಮಾರಿ ಬಡವರಿಗೆ ಕೊಟ್ಟು ತಮ್ಮನ್ನು ಹಿಂಬಾಲಿಸು ಎಂಬ ಮಾತು ಬಂದದ್ದು ಆ ನೋಟದ ನಂತರ. ಮೊದಲು ಪ್ರೀತಿ, ಆಮೇಲೆ ಬೇಡಿಕೆ. ಮನೆಯಲ್ಲಿಯೂ ದೇವಾಲಯದಲ್ಲಿಯೂ ನಾವು ಬಹಳ ಸಲ ಈ ಕ್ರಮವನ್ನು ತಲೆಕೆಳಗು ಮಾಡುತ್ತೇವೆ.

ಇನ್ನೊಂದು ಸೂಕ್ಷ್ಮವಿದೆ. ಯೇಸುಸ್ವಾಮಿ ಹೆಸರಿಸಿದ ಕಟ್ಟಳೆಗಳೆಲ್ಲವೂ ನೆರೆಯವರಿಗೆ ಸಂಬಂಧಿಸಿದವು. ದೇವರೊಬ್ಬರನ್ನೇ ಆರಾಧಿಸಬೇಕೆಂಬ ಮೊದಲ ಕಟ್ಟಳೆಯನ್ನು ಅವರು ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಆ ಯುವಕ ಅದನ್ನೂ ಪಾಲಿಸಿದ್ದೇನೆ ಎನ್ನುತ್ತಿದ್ದನೋ ಏನೋ. ಅದರ ಬದಲು ಆಸ್ತಿಯನ್ನು ಕೈಬಿಡಲು ಹೇಳಿದರು. ಆಗ ಅವನ ಮನಸ್ಸಿನ ಪೀಠದ ಮೇಲೆ ಯಾರು ಕುಳಿತಿದ್ದಾರೆಂಬುದು ಅವನಿಗೇ ಗೊತ್ತಾಯಿತು. ಅವನ ಮುಖ ಬಾಡಿತು. ಇಲ್ಲಿ ಮಾರ್ಕರು ಬಳಸಿರುವ ಗ್ರೀಕ್ ಪದವನ್ನು ಮತ್ತಾಯರ 16ನೆಯ ಅಧ್ಯಾಯದಲ್ಲಿ ಮೋಡ ಕವಿದ ಆಕಾಶಕ್ಕೆ ಬಳಸಲಾಗಿದೆ. ಬೆಳಗಿನ ಬಿಸಿಲಿನಂತೆ ಓಡಿಬಂದವನ ಮುಖ ಮಳೆಗಾಲದ ಸಂಜೆಯಂತಾಯಿತು.

ಭೌತಿಕವಾದವೆಂಬ ಮಾತನ್ನು ಈಗ ಎಲ್ಲರೂ ಆಡುತ್ತಾರೆ. ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ನಾವು ಫಾಯರ್‌ಬಾಖ್, ಮಾರ್ಕ್ಸ್ ಮುಂತಾದವರ ಭೌತಿಕವಾದವನ್ನು ಕಲಿತೆವು. ಅದು ದೇವರಿಲ್ಲವೆಂದು ವಾದಿಸುವ ಸಿದ್ಧಾಂತ. ವಾದವಾದ್ದರಿಂದ ಅದಕ್ಕೆ ಉತ್ತರ ಕೊಡಬಹುದು. ನಮ್ಮ ಯುವಜನರನ್ನು ಮುತ್ತಿಕೊಂಡಿರುವುದು ಬೇರೆ ಬಗೆಯದು. ಅದು ದೇವರನ್ನು ಅಲ್ಲಗಳೆಯುವುದೇ ಇಲ್ಲ. ಶಿಲುಬೆಯ ಗುರುತು ಹಾಕುತ್ತದೆ, ಕ್ರಿಸ್ತಜಯಂತಿಗೆ ಗೋದಲಿ ಕಟ್ಟುತ್ತದೆ, ಹೊಸ ಕಾರನ್ನು ಆಶೀರ್ವಾದಕ್ಕೆ ತರುತ್ತದೆ. ಉಳಿದ ಸಮಯವನ್ನೆಲ್ಲ ತನಗೇ ಇಟ್ಟುಕೊಳ್ಳುತ್ತದೆ. ವಾದ ಮಾಡದವನಿಗೆ ಉತ್ತರ ಕೊಡುವುದು ಹೇಗೆ?

ಆ ಯುವಕನಿಗೆ ಹೇಳಿದ ಮಾತನ್ನೇ ಬೇರೆಯವರು ಬೇರೆ ರೀತಿ ಕೇಳಿಸಿಕೊಂಡರು. ಕ್ರಿ.ಶ. 270ರ ಸುಮಾರಿಗೆ ಈಜಿಪ್ಟಿನ ಒಂದು ಹಳ್ಳಿಯಲ್ಲಿ, ಇಪ್ಪತ್ತರ ಆಸುಪಾಸಿನ ಆಂತೋಣಿ ಎಂಬುವರು ದೇವಾಲಯಕ್ಕೆ ಹೋದಾಗ ಮತ್ತಾಯರ ಈ ವಾಚನವನ್ನು ಕೇಳಿದರು. ತಂದೆತಾಯಿ ಆಗಷ್ಟೇ ತೀರಿಕೊಂಡಿದ್ದರು. ಚಿಕ್ಕ ತಂಗಿಯ ಹೊಣೆ, ಸುಮಾರು 200 ಎಕರೆ ಫಲವತ್ತಾದ ಭೂಮಿ ಇತ್ತು. ಭೂಮಿಯನ್ನು ಊರವರಿಗೆ ಬಿಟ್ಟುಕೊಟ್ಟರು, ಉಳಿದದ್ದನ್ನು ಮಾರಿ ತಂಗಿಗೆ ಸ್ವಲ್ಪ ಇಟ್ಟು ಬಡವರಿಗೆ ಹಂಚಿದರು. ಸನ್ಯಾಸಿಗಳ ಪಿತಾಮಹರೆನಿಸಿದ ಈ ಸಂತರ ಚರಿತ್ರೆಯನ್ನು ಬರೆದವರು ಸಂತ ಅಥನಾಸಿಯುಸರು. ಸುಮಾರು 1208ರಲ್ಲಿ ಅಸ್ಸಿಸಿಯ ಫ್ರಾನ್ಸಿಸರು ತಮ್ಮ ಮೊದಲ ಸಂಗಾತಿ ಬೆರ್ನಾರ್ಡರೊಡನೆ ಶುಭಸಂದೇಶದ ಗ್ರಂಥವನ್ನು ತೆರೆದಾಗ ಕಣ್ಣಿಗೆ ಬಿದ್ದದ್ದೂ ಇದೇ ವಾಕ್ಯವೆನ್ನುತ್ತಾರೆ. 1985ರ ಅಂತರರಾಷ್ಟ್ರೀಯ ಯುವ ವರ್ಷದಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಜಗತ್ತಿನ ಯುವಜನರಿಗೆ ಪತ್ರ ಬರೆದಾಗ ಇದೇ ಭೇಟಿಯನ್ನು ಆಧಾರವಾಗಿ ಇಟ್ಟುಕೊಂಡರು.

ಹಾಗಾದರೆ ಎಲ್ಲರೂ ಎಲ್ಲವನ್ನೂ ಮಾರಬೇಕೇ? ಧರ್ಮಸಭೆ ಹಾಗೆಂದು ಎಂದೂ ಕಟ್ಟಳೆ ಮಾಡಲಿಲ್ಲ. ಅಲೆಕ್ಸಾಂಡ್ರಿಯದ ಕ್ಲೆಮೆಂಟರು ಬಹು ಹಿಂದೆಯೇ ಈ ಪ್ರಶ್ನೆಯ ಮೇಲೆ ಒಂದು ಪುಸ್ತಕವನ್ನೇ ಬರೆದು, ಸಂಪತ್ತು ಒಂದು ಉಪಕರಣ, ಎಸೆಯಬೇಕಾದದ್ದು ಅದರ ವ್ಯಾಮೋಹವನ್ನು ಎಂದು ವಿವರಿಸಿದರು. ಅವರ ಮಾತು ಸರಿ. ಆದರೆ ಅದರಲ್ಲಿ ಅಡಗಿಕೊಳ್ಳಲು ಬಹಳ ಜಾಗವಿದೆ. ನನಗೆ ವ್ಯಾಮೋಹವಿಲ್ಲ ಎಂದು ಎಲ್ಲರೂ ಹೇಳಬಹುದಲ್ಲವೇ? ಪರೀಕ್ಷಿಸುವುದು ಹೇಗೆ?

ಸಂತ ಇಗ್ನಾಸಿಯವರು ತಮ್ಮ ಆತ್ಮಸಾಧನೆಯ ಪುಸ್ತಕದಲ್ಲಿ ಇದಕ್ಕೊಂದು ಉಪಾಯ ಕೊಟ್ಟಿದ್ದಾರೆ. ಮೂರು ಬಗೆಯ ಜನರಿಗೆ ಹತ್ತು ಸಾವಿರ ಡುಕಾಟ್ ಹಣ ಬಂದಿದೆ. ಕದ್ದ ಹಣವಲ್ಲ, ಆದರೆ ದೇವರ ಪ್ರೀತಿಗಾಗಿಯೇ ಗಳಿಸಿದ್ದೂ ಅಲ್ಲ. ಅದರ ಮೇಲಿನ ಮೋಹ ತಮ್ಮನ್ನು ಕಟ್ಟಿಹಾಕಿದೆಯೆಂದು ಮೂವರಿಗೂ ಗೊತ್ತು. ಮೊದಲನೆಯವನು ಆ ಮೋಹ ಬಿಡಬೇಕು ಎನ್ನುತ್ತಲೇ ಸಾಯುವವರೆಗೂ ಏನೂ ಮಾಡುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ: ಕೆಲಸ ಖಾಯಂ ಆಗಲಿ, ಮದುವೆ ಆಗಲಿ, ಮನೆ ಸಾಲದ ಕಂತು ತೀರಲಿ, ಆಮೇಲೆ ನೋಡೋಣ. ಎರಡನೆಯವನು ಮೋಹ ಬಿಡಬೇಕು, ಹಣವೂ ಉಳಿಯಬೇಕು ಎನ್ನುತ್ತಾನೆ. ತಾನು ನಿಂತಲ್ಲಿಗೆ ದೇವರೇ ಬರಲಿ ಎಂಬುದು ಅವನ ಬಯಕೆ. ಇವನು ದಾನವನ್ನೂ ಮಾಡುತ್ತಾನೆ; ದೇವಾಲಯಕ್ಕೆ ಗಂಟೆ ಕೊಡಿಸಿ ಗೋಡೆಯ ಕಲ್ಲಿನಲ್ಲಿ ಹೆಸರು ಕೆತ್ತಿಸುತ್ತಾನೆ. ಮೂರನೆಯವನು ಇಟ್ಟುಕೊಳ್ಳುವ ಹಟವನ್ನೂ ಬಿಡುತ್ತಾನೆ, ಕೊಟ್ಟುಬಿಡುವ ಹಟವನ್ನೂ ಬಿಡುತ್ತಾನೆ. ದೇವರಿಗೆ ಯಾವುದು ಹೆಚ್ಚು ಸೇವೆಯೋ ಅದಾಗಲಿ ಎಂದು ಕಾಯುತ್ತಾನೆ. ನಮ್ಮಲ್ಲಿ ಹೆಚ್ಚಿನವರು ಎರಡನೆಯ ಗುಂಪಿನವರೆಂದು ನನ್ನ ಅಭಿಪ್ರಾಯ. ಗುರುಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಮೂರನೆಯ ಬಗೆಯ ಯುವಕನೊಬ್ಬ ಹೇಗಿರುತ್ತಾನೆಂದು ನೋಡಬೇಕಾದರೆ ಪಿಯೆರ್ ಜಾರ್ಜಿಯೋ ಫ್ರಸ್ಸಾತಿಯವರನ್ನು ನೋಡಿರಿ. 2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೇ ಲಿಯೋರವರು ಕಾರ್ಲೋ ಅಕುತಿಸರೊಡನೆ ಇವರಿಗೂ ಸಂತ ಪದವಿ ನೀಡಿದರು. ಹದಿನೈದರ ಬಾಲಕ ಕಾರ್ಲೋ, ಅವರ ಕಂಪ್ಯೂಟರ್, ಪರಮಪ್ರಸಾದದ ಅದ್ಭುತಗಳ ಸಂಗ್ರಹ, ಇವೆಲ್ಲ ಈಗ ನಮ್ಮ ಮಕ್ಕಳಿಗೂ ಗೊತ್ತು. ಫ್ರಸ್ಸಾತಿಯವರ ಬಗ್ಗೆ ನಮ್ಮಲ್ಲಿ ಅಷ್ಟು ಮಾತಿಲ್ಲ.

ಇವರು 1901ರಲ್ಲಿ ಇಟಲಿಯ ತುರಿನ್ ನಗರದಲ್ಲಿ ಹುಟ್ಟಿದರು. ತಂದೆ ‘ಲಾ ಸ್ತಾಂಪಾ’ ಎಂಬ ಹೆಸರಾಂತ ದಿನಪತ್ರಿಕೆಯ ಒಡೆಯರು, ಮುಂದೆ ಜರ್ಮನಿಗೆ ರಾಯಭಾರಿಯಾದವರು. ಧರ್ಮದ ವಿಷಯದಲ್ಲಿ ನಿರಾಸಕ್ತರು. ಮಗ ಪ್ರತಿದಿನ ಪರಮಪ್ರಸಾದ ಸ್ವೀಕರಿಸುತ್ತಿದ್ದ. ಅವರು ಗುರುವಾಗಲಿಲ್ಲ, ಸನ್ಯಾಸಿಯಾಗಲಿಲ್ಲ. ಗಣಿ ಕಾರ್ಮಿಕರ ನಡುವೆ ಕ್ರಿಸ್ತರ ಸೇವೆ ಮಾಡಬೇಕೆಂದು ಗಣಿ ಎಂಜಿನಿಯರಿಂಗ್ ಓದಿದರು. ಗೆಳೆಯರೊಡನೆ ಪರ್ವತ ಹತ್ತುತ್ತಿದ್ದರು, ಗಟ್ಟಿಯಾಗಿ ನಗುತ್ತಿದ್ದರು. ಹದಿನೇಳರಲ್ಲಿಯೇ ಸಂತ ವಿನ್ಸೆಂಟ್ ದಿ ಪಾಲ್ ಸಭೆಯನ್ನು ಸೇರಿದರು. ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಇರುವ ಅದೇ ಸಭೆ. ನಮ್ಮಲ್ಲಿ ಅದು ನಿವೃತ್ತರ ಸಂಘವೆಂಬಂತೆ ಕಾಣುತ್ತದೆ, ಅದು ಬೇರೆ ಮಾತು. ಟ್ರಾಮಿನ ದುಡ್ಡನ್ನು ಬಡವರಿಗೆ ಕೊಟ್ಟು ಊಟದ ಹೊತ್ತಿಗೆ ಮನೆಗೆ ಓಡಿಬರುತ್ತಿದ್ದರು. ಓದಿಗೆ ಬಹುಮಾನವಾಗಿ ಕಾರು ಬೇಕೋ ಹಣ ಬೇಕೋ ಎಂದು ತಂದೆ ಕೇಳಿದಾಗ ಹಣವನ್ನು ಆರಿಸಿ ಬಡವರಿಗೆ ಹಂಚಿದರು. ಮನೆಯವರ ಪಾಲಿಗೆ ಇವರು ಓದಿನಲ್ಲಿ ಹಿಂದುಳಿದ, ಊಟಕ್ಕೆ ತಡವಾಗಿ ಬರುವ ಮಗ, ಅಷ್ಟೆ.

1925ರ ಜೂನ್ ಕೊನೆಯಲ್ಲಿ ಪೋಲಿಯೋ ರೋಗ ತಗುಲಿತು. ಮನೆಯಲ್ಲಿ ಅಜ್ಜಿ ಸಾವಿನ ಹಾಸಿಗೆಯಲ್ಲಿದ್ದುದರಿಂದ ಮೊದಲಿಗೆ ಯಾರೂ ಇವರನ್ನು ಗಮನಿಸಲಿಲ್ಲ. ಸಾಯುವ ಹಿಂದಿನ ದಿನ, ಸ್ವಾಧೀನ ತಪ್ಪಿದ ಕೈಯಿಂದ ಗೆಳೆಯನಿಗೆ ಒಂದು ಚೀಟಿ ಗೀಚಿದರು. ಒಬ್ಬ ಬಡ ರೋಗಿಗೆ ತಲುಪಬೇಕಾದ ಚುಚ್ಚುಮದ್ದು, ಇನ್ನೊಬ್ಬರ ಗಿರವಿ ಚೀಟಿ. ಅದನ್ನು ತಮ್ಮ ಲೆಕ್ಕದಲ್ಲಿ ನವೀಕರಿಸಬೇಕೆಂದು ಬರೆದಿದ್ದರು. ಜುಲೈ 4ರಂದು ತೀರಿಕೊಂಡಾಗ ಇಪ್ಪತ್ತನಾಲ್ಕು ವರ್ಷ. ಅಂತ್ಯಕ್ರಿಯೆಗೆ ತುರಿನ್ನಿನ ಬಡವರು ಸಾವಿರಾರು ಸಂಖ್ಯೆಯಲ್ಲಿ ಬಂದು ಬೀದಿಯಲ್ಲಿ ನಿಂತಾಗಲೇ ತಂದೆತಾಯಿಗಳಿಗೆ ತಮ್ಮ ಮಗ ಯಾರೆಂಬುದು ತಿಳಿದದ್ದು.

ಗಿರವಿ ಚೀಟಿಯ ಅರ್ಥ ನಮಗೆ ಯಾರೂ ವಿವರಿಸಬೇಕಾಗಿಲ್ಲ. ತಾಯಿಯ ಬಳೆ ಅಡವಿಟ್ಟು ಕಾಲೇಜು ಶುಲ್ಕ ಕಟ್ಟಿದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಅಂಥ ಮನೆಯ ಮಗ ಬೆಂಗಳೂರಿಗೋ ಗಲ್ಫಿಗೋ ಹೋಗಿ ನಾಲ್ಕು ಕಾಸು ಸಂಪಾದಿಸುವುದು ಭೌತಿಕವಾದವಲ್ಲ. ಅದು ನಾಲ್ಕನೆಯ ಕಟ್ಟಳೆಯ ಪಾಲನೆ. ಹಣ ಬಂದಮೇಲೆ ಪ್ರಶ್ನೆ ಏಳುತ್ತದೆ.

ಭಾನುವಾರವನ್ನೇ ತೆಗೆದುಕೊಳ್ಳಿ. ಪಾಳಿಯ ಕೆಲಸದಿಂದ ಬಲಿಪೂಜೆ ತಪ್ಪುತ್ತಿದೆ ಎನ್ನುವ ಯುವಜನರಿದ್ದಾರೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1248ನೆಯ ವಿಧಿಯ ಪ್ರಕಾರ ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ನೆರವೇರುತ್ತದೆ. ಆಸ್ಪತ್ರೆಯ ದಾದಿಗೆ ರೋಗಿಯನ್ನು ಬಿಟ್ಟು ಬರಲಾಗದಿದ್ದರೆ ಅದು ಪಾಪವಲ್ಲ. ಆದರೆ ಎರಡು ಪಟ್ಟು ಸಂಬಳದ ಆಸೆಗೆ ತಾನಾಗಿ ಕೇಳಿಕೊಂಡು ಎಲ್ಲ ಭಾನುವಾರಗಳ ಪಾಳಿ ಹಾಕಿಸಿಕೊಳ್ಳುವುದು ಬೇರೆ. ಈ ಎರಡರ ನಡುವಿನ ಗೆರೆಯನ್ನು ನಿಮ್ಮ ಅಂತಃಸಾಕ್ಷಿಯೇ ಎಳೆಯಬೇಕು. ಕಷ್ಟವಾದರೆ ಪಾಪನಿವೇದನೆಗೆ ಬಂದು ಮಾತನಾಡಿ.

ಮದುವೆಯ ಮಾತು ಹೇಳದೆ ಬಿಡಲಾರೆ. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರ ಕಾನೂನಿನಂತೆ ಅಪರಾಧ. ನಾವು ಅದಕ್ಕೆ ಉಡುಗೊರೆ ಎಂದು ಹೆಸರಿಟ್ಟು, ದೇವಪೀಠದ ಮುಂದೆ ಆಶೀರ್ವಾದ ಕೇಳುತ್ತೇವೆ. ಯುವಕನೊಬ್ಬ ತಾಯಿಯ ಎದುರು ನಿಂತು, ಅಮ್ಮಾ, ಅವರ ಮನೆಯಿಂದ ನನಗೇನೂ ಬೇಡ, ಕೇಳಿದರೆ ನಾನು ಮದುವೆಗೆ ಒಪ್ಪುವುದಿಲ್ಲ ಎಂದರೆ, ಅವನು ಹತ್ತು ಧ್ಯಾನಕೂಟಗಳಲ್ಲಿ ಕೈಯೆತ್ತಿ ಹಾಡಿದ್ದಕ್ಕಿಂತ ಹೆಚ್ಚಿನದನ್ನು ಮಾಡಿದ್ದಾನೆ. ಸಿರಿವಂತ ಯುವಕನಿಂದ ಆಗದಿದ್ದುದು ಅಷ್ಟರಮಟ್ಟಿಗೆ ಅವನಿಂದ ಆಯಿತು.

ಯುವಜನರೇ, ಯಾವುದನ್ನು ಕೈಬಿಡಲು ಮನಸ್ಸು ಹಿಂಜರಿಯುತ್ತದೆಯೋ ಅದನ್ನು ದೇವರು ತೆಗೆದುಕೊಳ್ಳುವುದಾದರೆ ತೆಗೆದುಕೊಳ್ಳಲಿ ಎಂದೇ ಪ್ರಾರ್ಥಿಸಲು ಇಗ್ನಾಸಿಯವರು ಕಲಿಸುತ್ತಾರೆ. ಬಾಯಲ್ಲಿ ಹೇಳಲೂ ಭಯವಾಗುವ ಪ್ರಾರ್ಥನೆ ಅದು. ಮುಂದಿನ ಸಂಬಳದ ದಿನ, ಹಣವನ್ನು ಇನ್ನೂ ಮುಟ್ಟುವ ಮೊದಲು, ಒಮ್ಮೆ ಹೇಳಿ ನೋಡಿ.

ತಂದೆತಾಯಿಗಳೇ, ಈ ವಾರ ಒಂದು ಸಂಜೆ ಜಪಸರದ ನಂತರ ಮಾರ್ಕರ 10ನೆಯ ಅಧ್ಯಾಯದ 17ರಿಂದ 31ನೆಯ ವಚನಗಳನ್ನು ಮಕ್ಕಳಿಂದಲೇ ಓದಿಸಿರಿ. ಯುವಕ ಏನು ಮಾಡಬೇಕಾಗಿತ್ತು ಎಂದು ಕೇಳಬೇಡಿ. ಆ ಉತ್ತರ ಅವರಿಗೆ ಬಾಯಿಪಾಠ ಬರುತ್ತದೆ. ಅವನು ಆ ರಾತ್ರಿ ಮನೆಗೆ ಹೋಗಿ ಏನು ಮಾಡಿರಬಹುದು ಎಂದು ಕೇಳಿ. ಮಕ್ಕಳು ಹೇಳುವುದನ್ನು ತಿದ್ದಲು ಹೋಗಬೇಡಿ.