ಚಂದ್ರವಳ್ಳಿ ಭೇಟಿ: ಗುಹೆಯ ಮುಂದೆ ಕೇಳಬೇಕಾದ ಪ್ರಶ್ನೆ

ಎಂಟನೇ ತರಗತಿಯ ‘ಆಧಾರಗಳು’ ಪಾಠಕ್ಕೆ ಸಿರಿಗೆರೆ ಸುತ್ತಿನ ಶಾಲೆಗಳಿಗೆ ಚಿತ್ರದುರ್ಗದ ಚಂದ್ರವಳ್ಳಿಗಿಂತ ಒಳ್ಳೆಯ ತರಗತಿ ಸಿಗದು. ಆದರೆ ಅಲ್ಲಿ ನಾನು ಗಮನಿಸಿದ ಒಂದು ಪಾಠದಲ್ಲಿ ಪ್ರಶಿಕ್ಷಣಾರ್ಥಿ ಅಂಕಲಿ ಮಠದ ಗುಹೆ ತೋರಿಸಿ, “ಆದಿಮಾನವ ಇಲ್ಲೇ ವಾಸವಿದ್ದ” ಎಂದುಬಿಟ್ಟರು. “ಹೇಗೆ ಗೊತ್ತು ಮೇಡಂ?” ಎಂದಳು ಒಬ್ಬ ಹುಡುಗಿ. ಉತ್ತರ ಬರಲಿಲ್ಲ. ಆ ಪ್ರಶ್ನೆಯೇ ಪಾಠವಾಗಬೇಕಿತ್ತು.

ಬೋಧನಾಂಶ: ಗುಹೆಯೊಳಗೆ ಕಾಣುವುದು ಶಿವಲಿಂಗ, ಗಾರೆ ಬಳಿದ ಗೋಡೆ, ಬಣ್ಣದ ಗುರುತುಗಳು. ಇವು ಸಾಧಕರು ನೆಲೆಸಿದ್ದ ಕಾಲವನ್ನು ಹೇಳುತ್ತವೆ, ಆದಿಮಾನವನನ್ನಲ್ಲ. ಪ್ರಾಚೀನ ವಸತಿಯ ಸಾಕ್ಷ್ಯ ದೊರೆತದ್ದು ಹೊರಗಿನ ಕಣಿವೆಯ ಮಣ್ಣಿನಲ್ಲಿ. ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಇಲ್ಲಿ ಉತ್ಖನನ ನಡೆಸಿದರು. ಬೃಹತ್ ಶಿಲಾಯುಗದ ಮಡಕೆಗಳು, ಅವುಗಳ ಮೇಲಿನ ಪದರಗಳಲ್ಲಿ ಶಾತವಾಹನ ಕಾಲದ ಬಣ್ಣದ ಮಡಕೆ ಚೂರುಗಳು, ರೋಮ್ ಚಕ್ರವರ್ತಿ ತಿಬೇರಿಯಸ್‌ನ ನಾಣ್ಯ ಸಿಕ್ಕವು. ಅದಕ್ಕೂ ಹಿಂದಿನ ನಯಗೊಳಿಸಿದ ಕಲ್ಲುಕೊಡಲಿಯ ಜನರ ನೆಲೆಯನ್ನು ವೀಲರ್ ಅದೇ ವರ್ಷ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಗುರುತಿಸಿದರು.

ಪೂರ್ವಸಿದ್ಧತೆ: ಹಿಂದಿನ ದಿನ ಗಾಜಿನ ಲೋಟದಲ್ಲಿ ಮರಳು, ಕೆಮ್ಮಣ್ಣು, ಕರಿಮಣ್ಣನ್ನು ಪದರವಾಗಿ ಹಾಕಿ, ನಡುವೆ ಗುಂಡಿಗಳನ್ನು ಇಡಿ. “ಯಾವುದು ಮೊದಲು ಬಿದ್ದದ್ದು?” ಎಂದು ಕೇಳಿ. ಕೆಳಗಿನದು ಹಳೆಯದೆಂದು ಮಕ್ಕಳೇ ಹೇಳುತ್ತಾರೆ. ಗುಹೆಯೊಳಗೆ ಕತ್ತಲು, ಟಾರ್ಚ್ ಬೇಕು, ಸಣ್ಣ ಗುಂಪುಗಳಲ್ಲಿ ಇಳಿಸಬೇಕು.

ಸ್ಥಳದಲ್ಲಿ: ನೋಟ್‌ಬುಕ್ಕಿನಲ್ಲಿ ಮೂರು ಕಲಂ ಗೆರೆ ಎಳೆಸಿ: ‘ಕಂಡದ್ದು’, ‘ಊಹಿಸಿದ್ದು’, ‘ಕೇಳಿದ್ದು’. ಗೋಡೆಯ ಗಾರೆ ಮೊದಲನೆಯದಕ್ಕೆ, “ಇಲ್ಲಿ ಮಲಗುತ್ತಿದ್ದರೇನೋ” ಎರಡನೆಯದಕ್ಕೆ, ಮಾರ್ಗದರ್ಶಿಯ ಕಥೆ ಮೂರನೆಯದಕ್ಕೆ. ಬಳಿಕ ಬಂಡೆಯ ಮೇಲಿನ ಕದಂಬ ಮಯೂರಶರ್ಮನ ಶಾಸನ ತೋರಿಸಿ. ಕೆರೆಯ ವಿಷಯ ಹೇಳುವ ಈ ಪ್ರಾಕೃತ ಬರಹ ಲಿಖಿತ ಆಧಾರ; ಮಡಕೆ ಚೂರು ಅಲಿಖಿತ ಆಧಾರ.

ಎಚ್ಚರಿಕೆ: ಯಾರಾದರೊಬ್ಬರು ಚೂರೊಂದನ್ನು ಜೇಬಿಗಿಳಿಸುವುದು ಖಚಿತ. ಗದರಬೇಡಿ. “ಮನೆಯಲ್ಲಿ ಇದನ್ನು ನೋಡಿದವರಿಗೆ ಯಾವ ಪದರದ್ದೆಂದು ತಿಳಿದೀತೇ?” ಎಂದು ಕೇಳಿ, ಇದ್ದಲ್ಲೇ ಇಡಿಸಿ. ಜಾಗ ತಪ್ಪಿದ ಚೂರು ಸಾಕ್ಷಿ ಹೇಳುವುದಿಲ್ಲ.

ಮೌಲ್ಯಮಾಪನ: “ಚಂದ್ರವಳ್ಳಿಯಲ್ಲಿ ಪ್ರಾಚೀನ ಜನರಿದ್ದರು ಎಂಬುದಕ್ಕೆ ಎರಡು ಆಧಾರ ಕೊಡಿ, ಗುಹೆ ಅವುಗಳಲ್ಲೊಂದೇ? ಕಾರಣ ಬರೆಯಿರಿ.” ಕಾರಣ ಬರೆದ ಮಗು ಪಾಠ ಕಲಿತಿದೆ.