ಕರಗದು ಎಂದರೆ ಎಷ್ಟು ಕರಗದು?

ಕರಗುವ ಲವಣ, ಕರಗದ ಲವಣ ಎಂದು ಎರಡು ಸಾಲಾಗಿ ಬರೆದ ಕೋಷ್ಟಕವನ್ನು ಬಾಯಿಪಾಠ ಮಾಡಿದವರಲ್ಲಿ ನಾನೂ ಒಬ್ಬ. ಅದನ್ನು ಬಹುಕಾಲ ನಂಬಿ ಕಲಿತದ್ದೆಂದರೆ, ‘ಎಷ್ಟು’ ಎಂದು ಕೇಳದೆ ಪ್ರಕ್ಷೇಪದ ಬಗ್ಗೆ ಏನನ್ನೂ ಖಚಿತವಾಗಿ ಹೇಳಲಾಗದು. ಸಿಲ್ವರ್ ನೈಟ್ರೇಟಿಗೆ ಉಪ್ಪುನೀರು ಬಿದ್ದರೆ ಹಾಲು ಒಡೆದಂತೆ ಬಿಳಿ ಗರಣೆ ಕಟ್ಟುತ್ತದೆ, ಕೋಷ್ಟಕ ಗೆದ್ದಿತು. ಆದರೆ 0.02 ಮೋಲಾರ್ ಲೆಡ್ ನೈಟ್ರೇಟಿಗೆ ಅಷ್ಟೇ ಸಾರದ ಉಪ್ಪುನೀರನ್ನು ಸಮಪಾಲು ಬೆರೆಸಿ ನೋಡಿ. ಲೆಡ್ ಕ್ಲೋರೈಡ್ ‘ಕರಗದ’ ಸಾಲಿನಲ್ಲಿದ್ದರೂ ದ್ರಾವಣ ತಿಳಿಯಾಗಿಯೇ ಉಳಿಯುತ್ತದೆ. ಬೆರೆತಾಗ ಎರಡೂ 0.01ಕ್ಕೆ ಇಳಿಯುತ್ತವೆ. ಸೀಸದ ಸಾಂದ್ರತೆಯನ್ನು ಕ್ಲೋರೈಡಿನ ವರ್ಗದೊಡನೆ ಗುಣಿಸಿದರೆ 10⁻⁶ ಬರುತ್ತದೆ. ಪ್ರಕ್ಷೇಪ ಬೀಳಲು ಅದು ವಿಲೇಯತಾ ಗುಣಲಬ್ಧವಾದ 1.7 × 10⁻⁵ನ್ನು ಮೀರಬೇಕಿತ್ತು.

ಶಾಲೆಯ ಮಕ್ಕಳಿಗೆ ಇಷ್ಟೆಲ್ಲ ಏಕೆ, ಕೋಷ್ಟಕ ಸಾಲದೇ ಎಂಬ ಆಕ್ಷೇಪ ಸಹಜ. ಪ್ರನಾಳದ ಪರೀಕ್ಷೆಗೆ ಸಾಕು, ಕುಡಿಯುವ ನೀರಿಗೆ ಸಾಲದು. ಕ್ಯಾಲ್ಸಿಯಂ ಫ್ಲೋರೈಡನ್ನೇ ನೋಡಿ. ಕೋಷ್ಟಕದ ಪ್ರಕಾರ ಅದು ಕರಗದು. ಗುಣಲಬ್ಧ ಸುಮಾರು 3.9 × 10⁻¹¹, ನೋಡಿದರೆ ಶೂನ್ಯವೇ ಅನ್ನಿಸುತ್ತದೆ. ಲೆಕ್ಕ ಹಾಕಿದರೆ, ಶುದ್ಧ ನೀರಿನಲ್ಲಿ ಆ ಪುಡಿಯನ್ನು ಬಿಟ್ಟಾಗ ಲೀಟರಿಗೆ ಸುಮಾರು 8 ಮಿಲಿಗ್ರಾಂ ಫ್ಲೋರೈಡ್ ನೀರಿಗಿಳಿಯುತ್ತದೆ. ನಮ್ಮ ಕುಡಿಯುವ ನೀರಿನ ಮಾನಕದಲ್ಲಿ ಇರಬೇಕಾದ ಮಿತಿ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 1.5. ‘ಕರಗದ’ ವಸ್ತುವೇ ಹಲ್ಲಿಗೂ ಮೂಳೆಗೂ ಕೇಡು ತರುವಷ್ಟು ಕರಗುತ್ತದೆ! ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ಕಷ್ಟಕ್ಕೆ ಈ ಲೆಕ್ಕ ಬಹಳ ಹತ್ತಿರದ್ದು. ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರಿನಲ್ಲಿ ಫ್ಲೋರೈಡ್ ಸುಮಾರು 3.7ರ ಮೇಲೆ ಏರಲಾರದು. ಅದೇ ಕ್ಯಾಲ್ಸಿಯಂ ಸುಣ್ಣದ ಕಲ್ಲಾಗಿ ಕಳಚಿ 10 ಮಿಲಿಗ್ರಾಂಗೆ ಇಳಿದರೆ, ಫ್ಲೋರೈಡ್ 7ನ್ನೂ ದಾಟಬಹುದು. ಅಂದರೆ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುವ ಗಡಸು ನೀರಿಗಿಂತ, ಸೋಪು ಚೆನ್ನಾಗಿ ನೊರೆ ಕೊಡುವ ಮೆದು ನೀರನ್ನೇ ಕೆಲವೊಮ್ಮೆ ಹೆಚ್ಚು ಅನುಮಾನಿಸಬೇಕು.

ಹಾಗಾದರೆ ಸುಣ್ಣ ಸುರಿದು ಫ್ಲೋರೈಡನ್ನು ತಳಕ್ಕಿಳಿಸಬಹುದಲ್ಲ? ಅದೇ ಲೆಕ್ಕವನ್ನು ತಿರುಗಿಸಿ ಕೇಳಿದರೆ ಉತ್ತರ ಸಿಗುತ್ತದೆ. 1.5ಕ್ಕೆ ಇಳಿಸಲು ಸುಮಾರು 250 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಕ್ಯಾಲ್ಸಿಯಂಗೆ ಮಾನಕ ಕೊಟ್ಟಿರುವ ಗರಿಷ್ಠ ಸಡಿಲಿಕೆಯೇ 200. ಇನ್ನು, ಗುಣಲಬ್ಧವೂ ಪೂರ್ತಿ ಸತ್ಯವಲ್ಲ ಎನ್ನುವವರ ಮಾತನ್ನು ಒಪ್ಪುತ್ತೇನೆ. ನಿಜವಾದ ನೀರಿನಲ್ಲಿ ಬೇರೆ ಅಯಾನುಗಳು ಅಡ್ಡ ಬರುತ್ತವೆ, ಹರಳು ಹುಟ್ಟಲು ತಡವಾಗುತ್ತದೆ. ಮಿತಿ ದಾಟಿದ ದ್ರಾವಣವೂ ಕೆಲಕಾಲ ತಿಳಿಯಾಗಿಯೇ ನಿಂತಿರುತ್ತದೆ. ಲೆಕ್ಕ ದಿಕ್ಕನ್ನು ಹೇಳುತ್ತದೆ, ವೇಳೆಯನ್ನು ಹೇಳುವುದಿಲ್ಲ. ಆದರೆ ಈ ದಾರಿಯಲ್ಲಿ ಹೋದರೆ ಎಲ್ಲಿ ನಿಲ್ಲುತ್ತೇವೆ ಎಂಬುದನ್ನು ಮೊದಲೇ ತಿಳಿಸುತ್ತದೆ, ಕೋಷ್ಟಕಕ್ಕೆ ಅದು ಸಾಧ್ಯವಿಲ್ಲ. ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನದಲ್ಲಿ ಸುಣ್ಣದ ಜೊತೆ ಪಟಿಕವನ್ನೂ ಹಾಕುವುದು ಸುಣ್ಣವೊಂದೇ ಸಾಲದೆಂಬ ಕಾರಣಕ್ಕೇ: ಅಲ್ಲಿ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಲೋಳೆಯಂಥ ಮೋಡ ಕಟ್ಟಿ, ಫ್ಲೋರೈಡನ್ನು ತನ್ನ ಮೈಗೆ ಅಂಟಿಸಿಕೊಂಡು ನಿಧಾನವಾಗಿ ತಳಕ್ಕೆ ಇಳಿಯುತ್ತದೆ.