ದಿನವೂ ಹೊರುವ ಲ್ಯಾಪ್‌ಟಾಪ್

ಕನ್ಯಾನದಿಂದ ವಿಟ್ಲ, ಕಲ್ಲಡ್ಕ ದಾಟಿ ದಿನಾ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿಬರುವ ನಿಮ್ಮ ಮಗಳಿಗೆ 15.6 ಇಂಚಿನದು ಬೇಡ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಹೆಚ್ಚಾಗಿ ಅದೇ ಅಳತೆಯದು, ನಿಜ. ಆದರೂ 13 ಅಥವಾ 14 ಇಂಚಿನ, 1.4 ಕಿಲೋ ಮೀರದ್ದನ್ನೇ ಕೇಳಿ. ಚಾರ್ಜರನ್ನೂ ಕೈಯಲ್ಲಿ ಹಿಡಿದು ನೋಡಿ. ಕೆಲವು ಇಟ್ಟಿಗೆಯಷ್ಟು ಭಾರ. ಟೈಪ್-ಸಿ ಕಿಂಡಿಯಿಂದ ಚಾರ್ಜ್ ಆಗುವಂಥದ್ದಾದರೆ 65 ವ್ಯಾಟ್‌ನ ಸಣ್ಣ ಚಾರ್ಜರ್ ಒಂದೇ ಸಾಕು, ಫೋನಿಗೂ ಆಗುತ್ತದೆ.

ತೆಳ್ಳಗಿನ ಯಂತ್ರಗಳಲ್ಲಿ ರ್‍ಯಾಮ್ ಬೋರ್ಡಿಗೇ ಬೆಸೆದಿರುವುದು ಹೆಚ್ಚು. ಆಮೇಲೆ ಹಾಕಿಸೋಣ ಎಂದರೆ ಆಗುವುದಿಲ್ಲ. ದುಡ್ಡು ಉಳಿಸುವುದಾದರೆ ಪ್ರೊಸೆಸರ್‌ನಲ್ಲಿ ಉಳಿಸಿ, 16 ಜಿಬಿ ರ್‍ಯಾಮ್‌ನಲ್ಲಿ ಅಲ್ಲ.

ನಮ್ಮ ಕಡೆಯ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಬ್ಯಾಟರಿ 50 ವ್ಯಾಟ್-ಅವರ್‌ಗಿಂತ ಕಡಿಮೆ ಬೇಡ. ಬರವಣಿಗೆ, ಓದಿಗೆ ಸುಮಾರು 7 ವ್ಯಾಟ್ ಖರ್ಚಾದರೆ ಅದು ಏಳು ಗಂಟೆ ಬರುತ್ತದೆ. ಏಪ್ರಿಲ್-ಮೇಯಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತುಬಿಡಿ. ಸರ್ಜ್ ಪ್ರೊಟೆಕ್ಟರ್ ಇದೆಯೆಂದು ಧೈರ್ಯ ಮಾಡಬೇಡಿ. ನೇರ ಸಿಡಿಲಿಗೆ ಅದು ತಡೆಯಲ್ಲ.

ಹಳೆಯದು ಕೊಳ್ಳುವುದಾದರೆ ಇಂಟೆಲ್ 8ನೇ ತಲೆಮಾರಿಗಿಂತ ಹಿಂದಿನದು ಬೇಡ. ಅದಕ್ಕೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್‌ನಲ್ಲೇ ನಿಂತಿದೆ. 1.24 ಕಿಲೋದ ಮ್ಯಾಕ್‌ಬುಕ್ ಏರ್ ಚೆನ್ನ, ಆದರೆ ಮಗಳ ಕಾಲೇಜಿನ ಸಾಫ್ಟ್‌ವೇರ್ ಅದರಲ್ಲಿ ನಡೆಯುತ್ತದೆಯೇ ಎಂದು ಮೊದಲು ಕೇಳಿಕೊಳ್ಳಲಿ.

ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ಇದೆ ಎಂದು ಅಂಗಡಿಯವರು ಹೇಳಿದರೆ, ನಿಮ್ಮ ಪಿನ್‌ಕೋಡಿಗೆ ಅದು ಇದೆಯೇ ಎಂದು ಬಿಲ್ ಮಾಡಿಸುವ ಮೊದಲೇ ವಿಚಾರಿಸಿ.